ಸ್ಕೈಡೈವಿಂಗ್ ವಿಮಾನ: ಎಂಜಿನ್ ವೈಫಲ್ಯ, ತುರ್ತು ಇಳಿತ ಮತ್ತು ತೆಂಗಿನ ಸೀಮೆಯ ನೆಲ

ಪ್ಯಾರಾಶೂಟ್ ಜಿಗಿತಗಾರರನ್ನು ಎತ್ತರಕ್ಕೆ ಒಯ್ದು ಬಿಟ್ಟು ಬರುವ ಸಣ್ಣ ಅಥವಾ ಮಧ್ಯಮ ಗಾತ್ರದ ವಿಮಾನಕ್ಕೆ ಸ್ಕೈಡೈವಿಂಗ್ ವಿಮಾನ ಎನ್ನುತ್ತಾರೆ. ಹಾರಾಟದ ನಡುವೆ ಅದರ ಎಂಜಿನ್ ಪೂರ್ತಿ ನಿಂತುಹೋಗಬಹುದು, ಇಲ್ಲವೇ ಮೇಲೇರಲು ಸಾಲದಷ್ಟು ಬಲ ಕಳೆದುಕೊಳ್ಳಬಹುದು. ಆಗ ಪೈಲಟ್ ಹತ್ತಿರದ ರನ್‌ವೇಗೋ ಹೊಲಕ್ಕೋ ನೀರಿಗೋ ವಿಮಾನವನ್ನು ಇಳಿಸಬೇಕಾಗುತ್ತದೆ. ಈ ಕಷ್ಟ ಎಲ್ಲ ವಿಮಾನಗಳಿಗೂ ಬರುವಂಥದೇ. ಆದರೆ ಸ್ಕೈಡೈವಿಂಗ್ ವಿಮಾನದಲ್ಲಿ ಕುಳಿತವರ ಬೆನ್ನ ಮೇಲೆ ಪ್ಯಾರಾಶೂಟ್ ಇರುತ್ತದೆ, ಬಾಗಿಲು ಹಾರಾಟದಲ್ಲೇ ತೆರೆಯುತ್ತದೆ. ಹಾಗಾಗಿ ಇಲ್ಲಿ ಎರಡು ದಾರಿಗಳಿವೆ: ವಿಮಾನದ ಜೊತೆ ಇಳಿಯುವುದು, ವಿಮಾನ ಬಿಟ್ಟು ಜಿಗಿಯುವುದು. ಯಾವುದನ್ನು ಹಿಡಿಯಬೇಕೆಂಬುದನ್ನು ಬಹುಮಟ್ಟಿಗೆ ಎತ್ತರವೇ ನಿರ್ಧರಿಸುತ್ತದೆ. ಎತ್ತರ ಸಾಲದಿದ್ದಾಗ ಕೆಳಗಿನ ನೆಲ ನಿರ್ಧರಿಸುತ್ತದೆ.

ಆ ನೆಲದ ಮಾತಿಗಾಗಿಯೇ ಈ ಲೇಖನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡಿದೆ. ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ ಇವುಗಳ ಸುತ್ತ ಹಾರಾಟದ ನೆಲೆಗಳಿವೆ. ಪೂರ್ವಕ್ಕೆ ಬೆಂಗಳೂರಿನ ಜಕ್ಕೂರು ಮತ್ತು ಯಲಹಂಕ, ಉತ್ತರಕ್ಕೆ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯ, ದಕ್ಷಿಣಕ್ಕೆ ಮೈಸೂರಿನ ಮಂಡಕಳ್ಳಿ, ವಾಯವ್ಯಕ್ಕೆ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಶಿವಮೊಗ್ಗ ನಿಲ್ದಾಣ. ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯೇ ಇದೆ. ಇವುಗಳ ನಡುವೆ ಹಾರುವ ಸಣ್ಣ ವಿಮಾನದ ಎಂಜಿನ್ ನಿಂತರೆ ಕೆಳಗೆ ಕಾಣುವುದು ತೆಂಗಿನ ತೋಟ.

ವಿಮಾನಗಳು ಮತ್ತು ಅವುಗಳ ದುಡಿಮೆ

ಸಣ್ಣ ಜಿಗಿತ ಕೇಂದ್ರಗಳಲ್ಲಿ ಹೆಚ್ಚಾಗಿ ಕಾಣುವುದು ಸೆಸ್ನಾ 182. ಒಂದೇ ಪಿಸ್ಟನ್ ಎಂಜಿನ್, ನಾಲ್ಕೈದು ಜಿಗಿತಗಾರರಿಗೆ ಜಾಗ. ಪೈಲಟ್‌ನ ಆಸನ ಬಿಟ್ಟು ಉಳಿದವನ್ನು ಕಿತ್ತು, ಜಿಗಿತಗಾರರನ್ನು ನೆಲದ ಮೇಲೆ ಕೂರಿಸುತ್ತಾರೆ. ಅದಕ್ಕಿಂತ ದೊಡ್ಡದು ಸೆಸ್ನಾ 206. ದೊಡ್ಡ ಕೇಂದ್ರಗಳಲ್ಲಿ ಒಂದೇ ಟರ್ಬೊಪ್ರಾಪ್ ಎಂಜಿನ್ನಿನ ಸೆಸ್ನಾ ಕ್ಯಾರವಾನ್, ನ್ಯೂಜಿಲೆಂಡಿನಲ್ಲಿ ತಯಾರಾಗುವ ಪಿ-750, ಸ್ವಿಟ್ಜರ್ಲೆಂಡಿನ ಪಿಲಾಟಸ್ ಪೋರ್ಟರ್ ಇವೆ. ಎರಡು ಎಂಜಿನ್ನಿನವುಗಳಲ್ಲಿ ಕೆನಡಾದ ಟ್ವಿನ್ ಆಟರ್ ಮತ್ತು ಜೆಕ್ ದೇಶದ ಎಲ್-410 ಹೆಸರಾದವು. ಟ್ವಿನ್ ಆಟರ್ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಒಯ್ಯುತ್ತದೆ.

ಈ ವಿಮಾನಗಳ ದಿನಚರಿ ಬೇರೆ ವಿಮಾನಗಳಂತಲ್ಲ. ಪ್ರಯಾಣಿಕ ವಿಮಾನ ಏರಿ, ಮಟ್ಟಸವಾಗಿ ಗಂಟೆಗಟ್ಟಲೆ ಹಾರಿ, ನಿಧಾನವಾಗಿ ಇಳಿಯುತ್ತದೆ. ಸ್ಕೈಡೈವಿಂಗ್ ವಿಮಾನಕ್ಕೆ ಮಟ್ಟಸ ಹಾರಾಟವೇ ಇಲ್ಲವೆನ್ನಬಹುದು. ತುಂಬಿದ ಭಾರದೊಡನೆ ಪೂರ್ಣ ಬಲದಲ್ಲಿ 10,000ದಿಂದ 13,000 ಅಡಿಗೆ ಏರುತ್ತದೆ. ಜನ ಜಿಗಿದೊಡನೆ ಎಂಜಿನ್ನಿನ ಬಲ ತಗ್ಗಿಸಿ ಕಡಿದಾಗಿ ಇಳಿಯುತ್ತದೆ. ನೆಲ ಮುಟ್ಟುತ್ತಲೇ ಮುಂದಿನ ತಂಡ ಹತ್ತುತ್ತದೆ. ಹಬ್ಬದ ದಿನ, ರಜೆಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೂ ಇದೇ ಓಡಾಟ. ಹೀಗಾಗಿ ಹಾರಿದ ಗಂಟೆಗಳ ಲೆಕ್ಕ ಕಡಿಮೆ ಕಂಡರೂ, ಎಂಜಿನ್ ಕಾದು ತಣಿದ ಸಲಗಳ ಲೆಕ್ಕ ಬಹಳ ದೊಡ್ಡದಿರುತ್ತದೆ. ನಿರ್ವಹಣೆಯನ್ನು ಗಂಟೆಯಿಂದ ಮಾತ್ರ ಅಳೆಯುವವರಿಗೆ ಈ ಸವಕಳಿ ಕಣ್ಣಿಗೆ ಬೀಳುವುದಿಲ್ಲ.

ಎಂಜಿನ್ ಕೆಡುವ ಬಗೆ

ಪಿಸ್ಟನ್ ಎಂಜಿನ್ನಿಗೆ ಇಳಿತವೇ ಒಂದು ಪರೀಕ್ಷೆ. ಏರುವಾಗ ಸಿಲಿಂಡರುಗಳು ಚೆನ್ನಾಗಿ ಕಾದಿರುತ್ತವೆ. ಇಳಿಯುವಾಗ ಬಲ ಥಟ್ಟನೆ ತಗ್ಗಿ, ಮೇಲಿನ ತಣ್ಣನೆಯ ಗಾಳಿ ಜೋರಾಗಿ ಬಡಿದರೆ ಲೋಹ ಎಲ್ಲ ಕಡೆಗೂ ಒಂದೇ ಸಮನೆ ಕುಗ್ಗುವುದಿಲ್ಲ. ಬಿರುಕು ಬರಬಹುದೆಂಬ ಕಾರಣಕ್ಕೆ ಅನುಭವಿ ಪೈಲಟ್‌ಗಳು ಬಲವನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸುತ್ತಾರೆ. ಕಾರ್ಬ್ಯುರೇಟರ್ ಇರುವ ಎಂಜಿನ್ನಿನಲ್ಲಿ ಇಳಿತದ ಹೊತ್ತಿಗೆ ಒಳಗೆ ಮಂಜುಗಡ್ಡೆ ಕಟ್ಟಿ ಉಸಿರುಕಟ್ಟುವುದೂ ಉಂಟು. ಗಾಳಿಯಲ್ಲಿ ತೇವ ಇದ್ದರೆ ಸಾಕು, ಹೊರಗೆ ಚಳಿ ಇರಬೇಕೆಂದಿಲ್ಲ. ಮಳೆಗಾಲದ ಕರ್ನಾಟಕದಲ್ಲೂ ಈ ಅಪಾಯ ಇದ್ದೇ ಇದೆ.

ಟರ್ಬೈನ್ ಎಂಜಿನ್ ಹೆಚ್ಚು ನಂಬಿಕಸ್ಥ. ಆದರೆ ಅದರ ಅಲಗುಗಳು ಕೆಂಡದಂಥ ಬಿಸಿಯಲ್ಲಿ ಅತಿವೇಗವಾಗಿ ತಿರುಗುತ್ತವೆ. ಕಾಯುವುದು, ತಣಿಯುವುದು ಸಾವಿರಾರು ಸಲ ನಡೆದ ಮೇಲೆ ಲೋಹ ದಣಿಯುತ್ತದೆ. ಒಂದು ಅಲಗು ಮುರಿದರೆ ಉಳಿದವಕ್ಕೂ ಪೆಟ್ಟು ಬಿದ್ದು ಕ್ಷಣದಲ್ಲೇ ಬಲ ಹೋಗುತ್ತದೆ. ಅಮೆರಿಕದ ಮಿಸೌರಿ ರಾಜ್ಯದ ಸಲಿವನ್‌ನಲ್ಲಿ 2006ರ ಜುಲೈ 29ರಂದು ಆದದ್ದು ಇದೇ. ಟೇಕಾಫ್ ಆದ ಸ್ವಲ್ಪದರಲ್ಲೇ ಟ್ವಿನ್ ಆಟರ್ ವಿಮಾನದ ಬಲಗಡೆಯ ಎಂಜಿನ್ ಅಲಗು ಮುರಿದು ಸೋತಿತು. ಒಂದೇ ಎಂಜಿನ್ನಿನಲ್ಲೂ ಹಾರಬಲ್ಲ ವಿಮಾನ ವೇಗ ಕಳೆದುಕೊಂಡು ಬಿತ್ತು. ಎಂಟು ಜನರಲ್ಲಿ ಆರು ಮಂದಿ ಸತ್ತರು. ಜಿಗಿತಗಾರರನ್ನು ಹಿಡಿದಿಡುವ ಬೆಲ್ಟುಗಳು ಸಾಲದಾಗಿದ್ದವೆಂದೂ ತನಿಖೆ ಹೇಳಿತು.

ಇಂಧನದ ಕಡೆಯಿಂದ ಬರುವ ವೈಫಲ್ಯಗಳು ಬೇರೊಂದು ಬಗೆ. ಭಾರ ಉಳಿಸಲು ಈ ವಿಮಾನಗಳು ಕಡಿಮೆ ಇಂಧನ ಇಟ್ಟುಕೊಂಡೇ ಹಾರುತ್ತವೆ. ಒಂದು ಸುತ್ತಿನ ಲೆಕ್ಕ ತಪ್ಪಿದರೂ ಟ್ಯಾಂಕು ಬರಿದು. ಇಂಧನದಲ್ಲಿ ಸೇರಿದ ನೀರು ತಳಕ್ಕೆ ಇಳಿಯುತ್ತದೆ. ಬೆಳಗ್ಗೆ ಮೊದಲ ಹಾರಾಟಕ್ಕೆ ಮುಂಚೆ ತಳದಿಂದ ಸ್ವಲ್ಪ ಬಸಿದು ಪಾರದರ್ಶಕ ಬಟ್ಟಲಿನಲ್ಲಿ ನೋಡುವ ರೂಢಿ ಇರುವುದು ಅದಕ್ಕೇ. ಕ್ಯಾಲಿಫೋರ್ನಿಯಾದ ಪೆರಿಸ್ ಕಣಿವೆಯಲ್ಲಿ 1992ರ ಏಪ್ರಿಲ್ 22ರಂದು ಟ್ವಿನ್ ಆಟರ್ ಬಿದ್ದು 16 ಮಂದಿ ಸತ್ತ ದುರಂತದ ಬುಡದಲ್ಲಿ ಇದ್ದದ್ದು ನೀರು ಸೇರಿದ ಇಂಧನ. ಒಂದು ಎಂಜಿನ್ ಸೋತಾಗ ಗಾಬರಿಯಲ್ಲಿ ಚೆನ್ನಾಗಿದ್ದ ಇನ್ನೊಂದು ಎಂಜಿನ್ನಿನ ಪ್ರೊಪೆಲ್ಲರನ್ನು ನಿಷ್ಕ್ರಿಯಗೊಳಿಸಿದ್ದು ಅದಕ್ಕೆ ಕೂಡಿಕೊಂಡಿತು. ಎರಡು ಎಂಜಿನ್ ಇದ್ದರೆ ಅಪಾಯ ಅರ್ಧವಾಗುತ್ತದೆ ಎಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ಎರಡನೆಯ ಎಂಜಿನ್ ಉಪಯೋಗಕ್ಕೆ ಬರುವುದು ಪೈಲಟ್ ಅದರ ಅಭ್ಯಾಸವನ್ನು ಮರೆಯದಿದ್ದಾಗ ಮಾತ್ರ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2008ರಲ್ಲಿ ಜಿಗಿತದ ವಿಮಾನಗಳ ಬಗ್ಗೆಯೇ ಒಂದು ವಿಶೇಷ ವರದಿ ತಂದಿತು. 1980ರಿಂದ ಅಲ್ಲಿಯವರೆಗೆ 32 ಅಪಘಾತಗಳಲ್ಲಿ 172 ಮಂದಿ ಸತ್ತಿದ್ದರು. ವರದಿ ಮೂರು ಲೋಪಗಳತ್ತ ಬೊಟ್ಟು ಮಾಡಿತು: ತಪಾಸಣೆ ಮತ್ತು ನಿರ್ವಹಣೆಯ ಕೊರತೆ, ಪೈಲಟ್‌ಗಳ ಮೂಲಭೂತ ಹಾರಾಟ ಕೌಶಲದ ಕೊರತೆ, ಸರ್ಕಾರದ ಉಸ್ತುವಾರಿಯ ಕೊರತೆ. ಈ ಲೆಕ್ಕದಲ್ಲಿ ಇರುವುದು ವಿಮಾನದೊಳಗೇ ಸತ್ತವರು. ಜಿಗಿತ ಅಪಾಯಕಾರಿ ಎಂದು ಎಲ್ಲರೂ ಹೆದರುತ್ತಾರೆ, ಏರುವ ಆ ಇಪ್ಪತ್ತು ನಿಮಿಷದ ಕಡೆ ಯಾರ ಗಮನವೂ ಹೋಗುವುದಿಲ್ಲ.

ಎತ್ತರ ಎಂದರೆ ಸಮಯ

ಎಂಜಿನ್ ನಿಂತ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ತೇಲುತ್ತ ಇಳಿಯುತ್ತದೆ. ಸಣ್ಣ ಸೆಸ್ನಾಗಳು ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಸಾಗಬಲ್ಲವು. ತಿಪಟೂರಿನ ನೆತ್ತಿಯ ಮೇಲೆ, ನೆಲದಿಂದ 10,000 ಅಡಿಯಲ್ಲಿ ಎಂಜಿನ್ ನಿಂತಿತು ಎಂದುಕೊಳ್ಳಿ. ಗಾಳಿ ಎದುರಾಗದಿದ್ದರೆ ವಿಮಾನ ಹತ್ತಿರ ಹತ್ತಿರ 27 ಕಿಲೋಮೀಟರ್ ತೇಲಬಲ್ಲದು. ತುರುವೇಕೆರೆಯೋ ಚಿಕ್ಕನಾಯಕನಹಳ್ಳಿಯೋ ಅರಸೀಕೆರೆಯೋ ಕೈಗೆ ಸಿಗುವಷ್ಟು ದೂರ. ಇಳಿಯಲು ಹನ್ನೆರಡು ಹದಿಮೂರು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಜಿಗಿತಗಾರರೆಲ್ಲ ಎಂದಿನಂತೆ ಹೊರಬೀಳಬಹುದು, ಹಗುರಾದ ವಿಮಾನಕ್ಕೆ ಪೈಲಟ್ ನಿಧಾನವಾಗಿ ಜಾಗ ಹುಡುಕಬಹುದು. ಅದೇ ಎಂಜಿನ್ 500 ಅಡಿಯಲ್ಲಿ ನಿಂತರೆ ಕೈಯಲ್ಲಿರುವುದು ಸುಮಾರು 40 ಸೆಕೆಂಡು.

ಆದ್ದರಿಂದಲೇ ಜಿಗಿತ ಕೇಂದ್ರಗಳು ಎತ್ತರವನ್ನು ಮೊದಲೇ ಪಾಲು ಮಾಡಿ ನಿಯಮ ಮಾಡಿಕೊಂಡಿರುತ್ತವೆ. ಸಾಮಾನ್ಯವಾಗಿ 1,000 ಅಡಿಗಿಂತ ಕೆಳಗೆ ಯಾರೂ ಜಿಗಿಯುವಂತಿಲ್ಲ, ಎಲ್ಲರೂ ವಿಮಾನದ ಜೊತೆ ಇಳಿಯಬೇಕು. ಅದರ ಮೇಲಿನ ಪಟ್ಟಿಯಲ್ಲಿ ಅನುಭವಿಗಳು ಹೊರಬಿದ್ದು ಬೇಗ ಬಿಚ್ಚುವ ಮೀಸಲು ಪ್ಯಾರಾಶೂಟನ್ನೇ ಎಳೆಯುತ್ತಾರೆ. 2,000 ಅಡಿ ದಾಟಿದ ಮೇಲೆ ಮುಖ್ಯ ಪ್ಯಾರಾಶೂಟಿಗೆ ಅವಕಾಶ ಸಿಗುತ್ತದೆ. ಗುರುವಿನ ಎದೆಗೆ ಕಟ್ಟಿಕೊಂಡು ಜಿಗಿಯುವ ಟ್ಯಾಂಡಮ್ ಜೋಡಿಗೆ ಇನ್ನೂ ಹೆಚ್ಚಿನ ಎತ್ತರ ಬೇಕು. ನಿಖರ ಅಂಕಿಗಳು ಕೇಂದ್ರದಿಂದ ಕೇಂದ್ರಕ್ಕೆ ಬದಲಾಗುತ್ತವೆ. ಆದರೆ ಅವನ್ನು ನೆಲದ ಮೇಲೆ, ಹತ್ತುವ ಮೊದಲೇ ಪ್ರತಿಯೊಬ್ಬರಿಗೂ ಹೇಳಿಕೊಟ್ಟಿರಬೇಕು. ಎಂಜಿನ್ ಸದ್ದು ನಿಂತ ಮೇಲೆ ಚರ್ಚೆಗೆ ಹೊತ್ತಿಲ್ಲ.

ಬೆಲ್ಟು ಮತ್ತು ಹೆಲ್ಮೆಟ್ಟಿನ ನಿಯಮವೂ ಎತ್ತರಕ್ಕೇ ಕಟ್ಟುಬಿದ್ದದ್ದು. 1,500 ಅಡಿ ಮುಟ್ಟುವವರೆಗೆ ಬೆಲ್ಟು ಬಿಚ್ಚಬಾರದು ಎಂಬುದು ಅಮೆರಿಕದ ಜಿಗಿತಗಾರರ ರೂಢಿ. ಬೆಲ್ಟು ಹಾಕದ ಹತ್ತು ಮಂದಿ ಒಮ್ಮೆಲೇ ಹಿಂದಕ್ಕೆ ಜಾರಿದರೆ ಬಾಲದ ಕಡೆ ಭಾರವಾಗಿ ಮೂಗು ಮೇಲೇಳುತ್ತದೆ, ವೇಗ ಕುಸಿಯುತ್ತದೆ, ರೆಕ್ಕೆ ಎತ್ತುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಟೇಕಾಫ್ ಆದ ಕೂಡಲೇ ಎಂಜಿನ್ ಸೋತಾಗ ಬಿಟ್ಟು ಬಂದ ರನ್‌ವೇಗೇ ಹಿಂದಿರುಗಲು ಹೋಗಿ, ಕಡಿದಾದ ತಿರುವಿನಲ್ಲಿ ಸ್ಟಾಲ್ ಆಗಿ ಸತ್ತವರ ಸಂಖ್ಯೆ ದೊಡ್ಡದು. ಮೂಗು ತಗ್ಗಿಸಿ ವೇಗ ಉಳಿಸಿಕೋ, ನೇರ ಮುಂದೆ ಕಾಣುವ ಬಯಲಿಗೆ ಇಳಿ ಎಂದು ಎಲ್ಲ ತರಬೇತಿ ಶಾಲೆಗಳೂ ಕಲಿಸುವುದು ಈ ಅನುಭವದಿಂದ.

ಜಿಗಿತಗಾರರ ಮೀಸಲು ಪ್ಯಾರಾಶೂಟಿಗೆ ಸ್ವಯಂಚಾಲಿತ ಸಾಧನವೊಂದನ್ನು ಜೋಡಿಸಿರುತ್ತಾರೆ. ಜರ್ಮನಿಯ ಹೆಲ್ಮುಟ್ ಕ್ಲೋತ್ ರೂಪಿಸಿ 1991ರಲ್ಲಿ ಮಾರುಕಟ್ಟೆಗೆ ತಂದ ಸೈಪ್ರೆಸ್ ಇವುಗಳಲ್ಲಿ ಹೆಸರಾದದ್ದು. ಜಿಗಿತಗಾರ ಪ್ರಜ್ಞೆ ತಪ್ಪಿ ವೇಗವಾಗಿ ಬೀಳುತ್ತಿದ್ದರೆ ಸುಮಾರು 750 ಅಡಿಯಲ್ಲಿ ಇದು ತಾನೇ ಪ್ಯಾರಾಶೂಟ್ ಬಿಚ್ಚುತ್ತದೆ. ಸಾವಿರಾರು ಜೀವ ಕಾಪಾಡುವ ಈ ಸಾಧನವೇ ವಿಮಾನದೊಳಗೆ ತೊಡಕಾಗಬಹುದು. ಜನರನ್ನು ಹೊತ್ತ ವಿಮಾನ ಅತಿವೇಗವಾಗಿ ಇಳಿದರೆ ಸಾಧನ ಅದನ್ನೇ ಬೀಳುವಿಕೆಯೆಂದು ತಿಳಿದುಕೊಳ್ಳಬಹುದು. ಬಾಗಿಲು ತೆರೆದಿದ್ದು ಒಂದು ಪ್ಯಾರಾಶೂಟ್ ಹೊರಕ್ಕೆ ಹಾರಿದರೆ ಅದು ಬಾಲಕ್ಕೆ ಸಿಕ್ಕಿಕೊಳ್ಳುತ್ತದೆ. 2025ರ ಸೆಪ್ಟೆಂಬರ್ 20ರಂದು ಆಸ್ಟ್ರೇಲಿಯಾದ ಟಲಿ ಬಳಿ ಜಿಗಿತಗಾರನೊಬ್ಬನ ಮೀಸಲು ಪ್ಯಾರಾಶೂಟಿನ ಹಿಡಿ ರೆಕ್ಕೆಯ ಫ್ಲಾಪಿಗೆ ತಗುಲಿ ಬಿಚ್ಚಿಕೊಂಡು, ಅವನು ಕ್ಯಾರವಾನ್ ವಿಮಾನದ ಬಾಲಕ್ಕೆ ನೇತುಬಿದ್ದ. ಬಳಿಯಿದ್ದ ಕೊಕ್ಕೆ ಚಾಕುವಿನಿಂದ ಹಗ್ಗಗಳನ್ನು ಕತ್ತರಿಸಿ ಬಿಡಿಸಿಕೊಂಡು ಮುಖ್ಯ ಪ್ಯಾರಾಶೂಟಿನಲ್ಲಿ ಇಳಿದ. ಬಾಲ ಜಖಂ ಆಗಿದ್ದ ವಿಮಾನವನ್ನು ಪೈಲಟ್ ಸುರಕ್ಷಿತವಾಗಿ ಇಳಿಸಿದ. ಎಂಜಿನ್ ಕೆಟ್ಟ ಪ್ರಸಂಗ ಇದಲ್ಲವಾದರೂ ತುರ್ತು ಇಳಿತಗಳ ಸಾಲಿನಲ್ಲಿ ನೆನಪಿಡಬೇಕಾದದ್ದು.

ಬದುಕಿ ಬಂದ, ಬಾರದ ಪ್ರಸಂಗಗಳು

ನ್ಯೂಜಿಲೆಂಡಿನ ಟಾವ್ಪೊ ಸರೋವರದ ಮೇಲೆ 2015ರ ಜನವರಿ 7ರಂದು ನಡೆದದ್ದು ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಪಾಠ. ಪಿ-750 ವಿಮಾನದಲ್ಲಿ ಪೈಲಟ್, ಆರು ಟ್ಯಾಂಡಮ್ ಗುರುಗಳು, ಆರು ಪ್ರವಾಸಿಗರು, ಒಟ್ಟು 13 ಮಂದಿ. ಟೇಕಾಫ್ ಆದ ಸ್ವಲ್ಪದರಲ್ಲೇ, ನೆಲದಿಂದ ಕೆಲವು ಸಾವಿರ ಅಡಿಯಷ್ಟೇ ಮೇಲಿದ್ದಾಗ ಎಂಜಿನ್ ಹೋಯಿತು. ಗುರುಗಳು ತಮ್ಮ ತಮ್ಮ ಪ್ರವಾಸಿಗರನ್ನು ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು ಹೊರಬಿದ್ದರು. ಪೈಲಟ್ ಕೂಡ ತುರ್ತು ಪ್ಯಾರಾಶೂಟ್ ತೊಟ್ಟಿದ್ದ, ಅವನೂ ಜಿಗಿದ. ವಿಮಾನ ಸರೋವರಕ್ಕೆ ಬಿದ್ದು ನುಚ್ಚುನೂರಾಯಿತು. ಹದಿಮೂರೂ ಮಂದಿ ಬದುಕಿದರು. ಪೈಲಟ್‌ಗೂ ಪ್ಯಾರಾಶೂಟ್ ಇರಬೇಕು ಎಂಬ ನಿಯಮದ ಬೆಲೆ ಏನೆಂದು ಆ ದಿನ ತೋರಿತು.

ಎತ್ತರ ಸಾಲದಿದ್ದಾಗ ವಿಮಾನದ ಜೊತೆಗೇ ಇಳಿದು ಬದುಕಿದ್ದಕ್ಕೆ ಕ್ಯಾಲಿಫೋರ್ನಿಯಾದ ಲೋಡಿಯ ನಿದರ್ಶನವಿದೆ. 2016ರ ಮೇ 12ರಂದು 18 ಜನರಿದ್ದ ಕ್ಯಾರವಾನ್ ಟೇಕಾಫ್ ನಂತರ ಬಲ ಕಳೆದುಕೊಂಡು ಹೊಲಕ್ಕೆ ಇಳಿಯಿತು. ಅಲ್ಲಿಂದ ದ್ರಾಕ್ಷಿತೋಟಕ್ಕೆ ನುಗ್ಗಿ ತಲೆಕೆಳಗಾಯಿತು. ಸಣ್ಣಪುಟ್ಟ ಗಾಯ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ನೀರು ಇಷ್ಟು ಕರುಣೆ ತೋರುವುದಿಲ್ಲ. ಆಸ್ಟ್ರೇಲಿಯಾದ ವಿಲೋಬ್ಯಾಂಕ್‌ನಲ್ಲಿ 2006ರ ಜನವರಿ 2ರಂದು ಬಲ ಕಳೆದುಕೊಂಡ ಸೆಸ್ನಾ 206 ಒಂದು ಸಣ್ಣ ಕಟ್ಟೆಯ ನೀರಿಗೆ ಬಿದ್ದು, ಏಳು ಮಂದಿಯಲ್ಲಿ ಐವರು ಸತ್ತರು. ನೆಲವೂ ಯಾವಾಗಲೂ ಕಾಪಾಡುವುದಿಲ್ಲ. ರಷ್ಯಾದ ತಾತಾರ್ಸ್ತಾನದ ಮೆಂಜೆಲಿನ್ಸ್ಕ್‌ನಲ್ಲಿ 2021ರ ಅಕ್ಟೋಬರ್ 10ರಂದು ಎಡ ಎಂಜಿನ್ ಕೈಕೊಟ್ಟ ಎಲ್-410 ಇಳಿಯಲು ಹೋಗಿ ಬಿದ್ದಾಗ 22 ಮಂದಿಯಲ್ಲಿ 16 ಜನ ಸತ್ತರು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಸ್ಕೈಡೈವಿಂಗ್ ಇನ್ನೂ ಆಗಾಗ ನಡೆಯುವ ಆಟ. ಮೈಸೂರು ದಸರಾ ಸಮಯದಲ್ಲಿ ಮಂಡಕಳ್ಳಿ ನಿಲ್ದಾಣದಿಂದ ಸಾರ್ವಜನಿಕರಿಗೆ ಜಿಗಿತ ಏರ್ಪಡಿಸಿದ್ದುಂಟು. ವಾಯುಪಡೆಯ ಆಕಾಶಗಂಗಾ ತಂಡ 1987ರಲ್ಲಿ ಹುಟ್ಟಿತು. ಭೂಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ, ಜಿಗಿತವನ್ನು ಕಲಿಸುವುದು ಮಾತ್ರ ಆಗ್ರಾದಲ್ಲಿ. ಕೇಂದ್ರ ಸರ್ಕಾರ 2022ರ ಜೂನ್ 7ರಂದು ರಾಷ್ಟ್ರೀಯ ವಾಯುಕ್ರೀಡಾ ನೀತಿ ಪ್ರಕಟಿಸಿ ಸ್ಕೈಡೈವಿಂಗನ್ನೂ ಅದರೊಳಗೆ ಸೇರಿಸಿತು. ಹೊಸ ಕೇಂದ್ರಗಳು ಬರುವ ಕಾಲ ಇದು. ಹಾಗಾಗಿ ನಮ್ಮ ನೆಲದಲ್ಲಿ ಸಣ್ಣ ವಿಮಾನಗಳಿಗೆ ಏನಾಯಿತೆಂದು ನೋಡುವುದು ಅಗತ್ಯ.

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1949ರಿಂದ ನಡೆಯುತ್ತಿದೆ. ಅದೇ ಜಕ್ಕೂರಿನಿಂದ 2004ರ ಏಪ್ರಿಲ್ 17ರಂದು ಹೊರಟ ಸೆಸ್ನಾ 180 ಏರಿದ ಕೆಲವೇ ಕ್ಷಣಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರೂ ತೀರಿಕೊಂಡರು. ಸ್ಕೈಡೈವಿಂಗಿನ ಸೆಸ್ನಾ 182ರ ಹಿಂದಿನ ಪೀಳಿಗೆಯ ವಿಮಾನ ಅದು. ಅಷ್ಟು ಕಡಿಮೆ ಎತ್ತರದಲ್ಲಿ ಏನೇ ಕೆಟ್ಟರೂ ಪೈಲಟ್‌ಗೆ ಸಿಗುವ ಹೊತ್ತು ಎಣಿಸುವಷ್ಟೂ ಇರುವುದಿಲ್ಲ.

ಎಂಜಿನ್ನಿನ ವಿಷಯಕ್ಕೇ ನೇರವಾಗಿ ಸೇರಿದ್ದು ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ 2009ರ ಮಾರ್ಚ್ 6ರಂದು ನಡೆದ ದುರಂತ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಕಟ್ಟಿದ 14 ಆಸನದ ಸಾರಸ್ ವಿಮಾನದ ಎರಡನೆಯ ಮಾದರಿ ಪರೀಕ್ಷಾ ಹಾರಾಟದಲ್ಲಿತ್ತು. ಎರಡು ಎಂಜಿನ್ನುಗಳಲ್ಲಿ ಒಂದನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಹೊತ್ತಿಸುವುದು ಆ ದಿನದ ಪರೀಕ್ಷೆ. ಹೊತ್ತಿಸುವ ಹೊತ್ತಿಗೆ ವಿಮಾನ ಹಿಡಿತ ತಪ್ಪಿತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ಪ್ರಾಣ ಕಳೆದುಕೊಂಡರು. ಮರುಚಾಲನೆಗೆ ರೂಪಿಸಿದ್ದ ಕ್ರಮವೇ ತಪ್ಪಾಗಿತ್ತು, ಅದಕ್ಕೆ ಬೇಕಾದಷ್ಟು ಎತ್ತರವೂ ಇರಲಿಲ್ಲ ಎಂದು ತನಿಖೆ ಕಂಡುಕೊಂಡಿತು. ನಿಂತ ಎಂಜಿನ್ನನ್ನು ಮತ್ತೆ ಹೊತ್ತಿಸುವ ಪ್ರಯತ್ನದಲ್ಲಿ ಎತ್ತರವನ್ನು ಕಳೆಯಬಾರದು ಎಂಬ ಪಾಠಕ್ಕೆ ಕನ್ನಡ ನಾಡು ಕೊಟ್ಟ ಬೆಲೆ ಇದು.

ಬೆಳಗಾವಿಯಲ್ಲಿ 2023ರ ಮೇ 30ರಂದು ಸಾಂಬ್ರಾ ನಿಲ್ದಾಣದಿಂದ ಹಾರಿದ ಎರಡಾಸನದ ತರಬೇತಿ ವಿಮಾನ ತಾಂತ್ರಿಕ ದೋಷದಿಂದ ಹೊನ್ನಿಹಾಳ ಬಳಿ ಹೊಲದಲ್ಲಿ ಇಳಿಯಿತು. ಬೋಧಕ, ವಿದ್ಯಾರ್ಥಿ ಇಬ್ಬರೂ ಸಣ್ಣ ಗಾಯಗಳೊಡನೆ ಪಾರಾದರು. ಮುಂಗಾರಿಗೆ ಮುಂಚಿನ ಬಯಲು ಹೊಲ ಅವರನ್ನು ಉಳಿಸಿತು ಎನ್ನಬೇಕು. ಅದಾದ ಎರಡೇ ದಿನಕ್ಕೆ, ಜೂನ್ 1ರಂದು, ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತು. ಇಬ್ಬರು ಪೈಲಟ್‌ಗಳೂ ಹೊರಚಿಮ್ಮಿ ಪ್ಯಾರಾಶೂಟಿನಲ್ಲಿ ಇಳಿದು ಬದುಕಿದರು. ವಿಮಾನದ ಜೊತೆ ಇಳಿಯುವ ದಾರಿ, ಬಿಟ್ಟು ಜಿಗಿಯುವ ದಾರಿ, ಎರಡಕ್ಕೂ ಒಂದೇ ವಾರದಲ್ಲಿ ಒಂದೊಂದು ಉದಾಹರಣೆ.

ತೆಂಗಿನ ಸೀಮೆಗೆ ಇನ್ನೂ ಹತ್ತಿರದ್ದು ಚಿಕ್ಕನಾಯಕನಹಳ್ಳಿಯ ಉತ್ತರಕ್ಕಿರುವ ಹಿರಿಯೂರು ತಾಲ್ಲೂಕಿನ ವದ್ದೀಕೆರೆ. ಚಳ್ಳಕೆರೆಯ ಪರೀಕ್ಷಾ ವಲಯದಿಂದ ಹಾರಿದ ಡಿಆರ್‌ಡಿಒದ ಮಾನವರಹಿತ ತಪಸ್ ವಿಮಾನ 2023ರ ಆಗಸ್ಟ್ 20ರಂದು ಅಲ್ಲಿ ಹೊಲಕ್ಕೆ ಬಿತ್ತು. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯಲ್ಲೂ ಇಂಥದೇ ವಿಮಾನ ಬಿದ್ದಿತ್ತು. ಒಳಗೆ ಯಾರೂ ಇಲ್ಲದ್ದರಿಂದ ಜೀವಹಾನಿ ಆಗಲಿಲ್ಲ. ಎರಡೂ ಕಡೆ ಮೊದಲು ಓಡಿಬಂದದ್ದು ಸುತ್ತಲಿನ ಹಳ್ಳಿಯ ಜನ.

ಮೇಲಿನಿಂದ ಕಂಡ ತೆಂಗಿನ ಸೀಮೆ

ತಿಪಟೂರಿನ ಸುತ್ತಲಿನ ನೆಲ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಜಿಗಿತಗಾರ ತನ್ನ ಎತ್ತರಮಾಪಕವನ್ನು ನಿಂತ ನೆಲಕ್ಕೆ ಸೊನ್ನೆ ಮಾಡಿಕೊಳ್ಳುತ್ತಾನೆ. ಪೈಲಟ್‌ನ ಮಾಪಕ ಸಮುದ್ರಮಟ್ಟದ ಲೆಕ್ಕ ಹೇಳುತ್ತದೆ. ಇಬ್ಬರ ಅಂಕಿಗಳ ನಡುವೆ ಇಲ್ಲಿ ಹೆಚ್ಚುಕಡಿಮೆ 2,800 ಅಡಿಯ ಅಂತರ. ಬಾಯಿಮಾತಿನಲ್ಲಿ ಯಾರ ಲೆಕ್ಕ ಎಂದು ಹೇಳದಿದ್ದರೆ ತುರ್ತಿನ ಹೊತ್ತಿನಲ್ಲಿ ಅನಾಹುತವಾಗುತ್ತದೆ. ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ, ವಿಮಾನ 1,700 ಮೀಟರಿಗೂ ಮಿಕ್ಕ ಎತ್ತರದಲ್ಲಿ ಹಾರುತ್ತಿರುವಂತೆ ನಡೆದುಕೊಳ್ಳುತ್ತದೆ. ಟರ್ಬೊ ಇಲ್ಲದ ಪಿಸ್ಟನ್ ಎಂಜಿನ್ ಸಮುದ್ರಮಟ್ಟದಲ್ಲಿ ಕೊಡುವ ಬಲದ ಆರನೆಯ ಒಂದು ಪಾಲನ್ನು ಆಗ ಕಳೆದುಕೊಂಡಿರುತ್ತದೆ. ಏರಿಕೆ ನಿಧಾನವಾಗುತ್ತದೆ, ಅಪಾಯದ ಮೊದಲ ಸಾವಿರ ಅಡಿಯಲ್ಲಿ ಕಳೆಯುವ ಹೊತ್ತು ಹೆಚ್ಚುತ್ತದೆ.

ತೋಟಗಳ ವಿಷಯ. ಇಲ್ಲಿನ ಎತ್ತರದ ತಳಿಗೆ ತಿಪಟೂರು ಟಾಲ್ ಎಂದೇ ಹೆಸರು. ಬೆಳೆದ ಮರ 15ರಿಂದ 20 ಮೀಟರ್ ಏರುತ್ತದೆ. ಸಾಲಿನಿಂದ ಸಾಲಿಗೆ, ಮರದಿಂದ ಮರಕ್ಕೆ ಸುಮಾರು 30 ಅಡಿ ಬಿಟ್ಟು ಸಸಿ ಇಡುವುದು ರೂಢಿ. ಮೇಲಿನಿಂದ ನೋಡಿದರೆ ಸಾಲುಗಳ ನಡುವಿನ ಉತ್ತ ನೆಲ ನೀಟಾದ ಓಣಿಯಂತೆ ಕಂಡು ಆಸೆ ಹುಟ್ಟಿಸುತ್ತದೆ. ಆದರೆ ಸೆಸ್ನಾ 182ರ ರೆಕ್ಕೆಯ ಅಗಲವೇ 36 ಅಡಿ, ಕ್ಯಾರವಾನ್ ರೆಕ್ಕೆ 52 ಅಡಿ. ಯಾವ ಸಾಲಿನೊಳಗೂ ವಿಮಾನ ಹಿಡಿಸುವುದಿಲ್ಲ. ದ್ರಾಕ್ಷಿ ಬಳ್ಳಿ ಬಾಗುತ್ತದೆ, ತೆಂಗಿನ ಬೊಡ್ಡೆ ಹಾಗೆ ಬಾಗುವುದಿಲ್ಲ. ಸಾಲುಗಳ ನಡುವೆ ಈಗ ಅಡಿಕೆ, ಬಾಳೆ ಹಾಕುವವರು ಹೆಚ್ಚಾಗಿರುವುದರಿಂದ ಬರಿ ನೆಲ ಕಾಣುವುದೂ ಕಡಿಮೆಯಾಗಿದೆ. ಬೇರೆ ಜಾಗವೇ ಸಿಗದೆ ಮರಗಳ ಮೇಲೆ ಇಳಿಯಲೇಬೇಕಾದರೆ ಗಾಳಿಗೆ ಎದುರಾಗಿ, ಸ್ಟಾಲ್ ಆಗದಷ್ಟು ಕಡಿಮೆ ವೇಗದಲ್ಲಿ, ಮೂಗು ನೇರವಾಗಿ ಬೊಡ್ಡೆಗೆ ಗುದ್ದದಂತೆ ಇಳಿಸಬೇಕೆಂಬುದು ಪೈಲಟ್‌ಗಳಿಗೆ ಕಲಿಸುವ ಕ್ರಮ. ರೆಕ್ಕೆ ಮುರಿದರೆ ಮುರಿಯಲಿ, ಜನ ಕುಳಿತ ಗೂಡು ಉಳಿಯಬೇಕು.

ತೋಟಕ್ಕಿಂತ ಹೆಚ್ಚು ಅಪಾಯದ್ದು ತಂತಿ. ಕೊಳವೆಬಾವಿಯ ಪಂಪ್‌ಸೆಟ್‌ಗಳಿಗೆ ಹೊಲದಿಂದ ಹೊಲಕ್ಕೆ ಎಳೆದ ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ. ಕಂಬ ಮತ್ತು ಟ್ರಾನ್ಸ್‌ಫಾರ್ಮರ್ (ಟಿ.ಸಿ.) ಕಂಡರೆ ತಂತಿ ಇದ್ದೇ ಇದೆ ಎಂದು ತಿಳಿದು ದೂರ ಸರಿಯಬೇಕು. ತಿಪಟೂರಿನ ಮೂಲಕ ಹಾಯುವ ರೈಲುಮಾರ್ಗದ ಮೇಲೂ ವಿದ್ಯುತ್ ತಂತಿ ಇದೆ. ಹೆದ್ದಾರಿ ನೇರವಾಗಿ ಕಂಡರೂ ವಾಹನ, ದೀಪದ ಕಂಬ, ರಸ್ತೆ ವಿಭಜಕ ಎಲ್ಲವೂ ಎದುರಾಗುತ್ತವೆ.

ಹಾಗಾದರೆ ಎಲ್ಲಿ ಇಳಿಯಬೇಕು? ಕೊಯ್ಲಾದ ರಾಗಿ ಹೊಲ ಒಳ್ಳೆಯದು. ಡಿಸೆಂಬರಿನಿಂದ ಮುಂಗಾರಿನ ಉಳುಮೆಯವರೆಗೆ ಬೆದ್ದಲು ನೆಲ ಗಟ್ಟಿಯಾಗಿ, ಬರಿದಾಗಿ ಇರುತ್ತದೆ. ಅಡ್ಡ ಬರುವುದು ಬದು ಮತ್ತು ಮೆದೆ. ಬದುವಿಗೆ ಅಡ್ಡಲಾಗಿ ಇಳಿದರೆ ಮುಂಗಾಲಿನ ಚಕ್ರ ಮುರಿದು ವಿಮಾನ ಮಗುಚುತ್ತದೆ, ಬದುವಿನ ಉದ್ದಕ್ಕೇ ಇಳಿಸಬೇಕು. ಕೆರೆಯಂಗಳ ಅಗಲವಾಗಿ ಕರೆಯುತ್ತದೆ. ನೊಣವಿನಕೆರೆ, ಮಲ್ಲಾಘಟ್ಟ, ಈಚನೂರು, ಬೋರನಕಣಿವೆ ಇವೆಲ್ಲ ಮೇಲಿನಿಂದ ದೂರಕ್ಕೇ ಗುರುತು ಸಿಗುವ ನೀರು. ಬೇಸಗೆಯಲ್ಲಿ ಒಣಗಿದ ಅಂಗಳವೂ ನಂಬಿಕೆಗೆ ಅರ್ಹವಲ್ಲ. ಮೇಲೆ ಬಿರುಕುಬಿಟ್ಟ ಒಣ ಪದರ, ಕೆಳಗೆ ಕೆಸರು. ಹೂಳು ಮಣ್ಣು ತೆಗೆದ ಗುಂಡಿಗಳು ಬೇರೆ. ಹಲವು ಕೆರೆಗಳ ಅಂಗಳದಲ್ಲಿ ಜಾಲಿ ಬೆಳೆದಿದೆ. ಹೇಮಾವತಿ ನಾಲೆಯ ನೀರು ತುಂಬಿದ ವರ್ಷ ಅಲ್ಲಿ ನೀರೇ ನಿಂತಿರುತ್ತದೆ. ಮಡಚದ ಚಕ್ರಗಳ ವಿಮಾನ ನೀರಿಗಿಳಿದರೆ ಚಕ್ರ ಮೊದಲು ಸಿಕ್ಕಿ ಮುಗ್ಗರಿಸುವುದೇ ಹೆಚ್ಚು.

ಎಲ್ಲಕ್ಕಿಂತ ಒಳ್ಳೆಯ ಜಾಗ ಕಾವಲು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳು ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿವೆ. ತಿಪಟೂರು ಬಳಿಯ ಕೊನೇಹಳ್ಳಿಯಲ್ಲಿ ಇಂದಿಗೂ ಜಾನುವಾರು ಸಂವರ್ಧನ ಕೇಂದ್ರವಿದೆ. ಮರವಿಲ್ಲದ, ತಂತಿಯಿಲ್ಲದ, ಗಟ್ಟಿ ನೆಲದ, ಇಳಿಜಾರು ಕಡಿಮೆಯಿರುವ ಬಯಲು ಪೈಲಟ್‌ಗೆ ಸಿಕ್ಕರೆ ಅದು ಕಾವಲಿನಲ್ಲೇ. ವಿಮಾನ ಉದ್ಯಮವೂ ಇದನ್ನು ಕಂಡುಕೊಂಡಿದೆ. ಚಳ್ಳಕೆರೆಯ ಪರೀಕ್ಷಾ ವಲಯ ನಿಂತಿರುವುದು ವರವು ಕಾವಲಿನಲ್ಲಿ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ನಿಂತಿರುವುದು ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ. ಒತ್ತುವರಿಗೂ ಗಣಿಗೂ ನೆಡುತೋಪಿಗೂ ಕಾವಲು ಕರಗುತ್ತಿರುವುದನ್ನು ದನ ಸಾಕುವವರು ಮತ್ತು ಹಕ್ಕಿ ನೋಡುವವರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಹಾರಾಟದ ಸುರಕ್ಷತೆಯ ದೃಷ್ಟಿಯಿಂದಲೂ ಉಳಿದ ಕಾವಲುಗಳನ್ನು ಬಯಲಾಗಿಯೇ ಬಿಡುವುದು ಸರಿ. ಈ ಸೀಮೆಯಲ್ಲಿ ಮುಂದೆ ಜಿಗಿತ ಕೇಂದ್ರ ಬರುವುದಾದರೆ ರನ್‌ವೇಯ ಎರಡೂ ತುದಿಗಳ ಆಚೆ ಬಯಲಿದೆಯೇ, ತೋಟವಿದೆಯೇ ಎಂಬುದನ್ನು ಮೊದಲು ನೋಡಬೇಕು.

ಜಿಗಿದವರ ಪಾಡೂ ಇದೇ ನೆಲದ ಮೇಲೆ. ಪ್ಯಾರಾಶೂಟಿನಲ್ಲಿ ತೋಟಕ್ಕೆ ಇಳಿಯುವುದು ಅನಿವಾರ್ಯವಾದರೆ ಕಾಲುಗಳನ್ನು ಬಿಗಿಯಾಗಿ ಜೋಡಿಸಿ, ಮುಖ ಮತ್ತು ಕುತ್ತಿಗೆಯನ್ನು ಕೈಗಳಿಂದ ಮುಚ್ಚಿಕೊಳ್ಳಬೇಕು. ಮರಕ್ಕೆ ಸಿಕ್ಕಿ ನೇತುಬಿದ್ದವರು ತಾವೇ ಬಿಚ್ಚಿಕೊಂಡು ಇಳಿಯಲು ಹೋಗಬಾರದು. ಅರವತ್ತು ಅಡಿಯ ತೆಂಗಿನ ಮರದಿಂದ ಬಿದ್ದರೆ ಮೂಳೆ ಉಳಿಯುವುದಿಲ್ಲ. ಈ ಸೀಮೆಯಲ್ಲಿ ಒಂದು ಅನುಕೂಲವಿದೆ. ಎತ್ತರದ ಮರ ಹತ್ತಿ ಕಾಯಿ ಕೆಡವುವವರು ಊರೂರಿಗೂ ಇದ್ದಾರೆ. ಹಗ್ಗ, ಏಣಿಗಳೊಡನೆ ಅಗ್ನಿಶಾಮಕ ದಳ ಬರುವವರೆಗೆ ಸಿಕ್ಕಿಕೊಂಡವನನ್ನು ಮರಕ್ಕೆ ಭದ್ರವಾಗಿ ಕಟ್ಟಿ ಹಿಡಿದುಕೊಳ್ಳುವ ಕೆಲಸ ಅವರಿಂದ ಆದೀತು.

ನೆಲದಿಂದ ಸಿಗುವ ನೆರವು

ತೊಂದರೆಗೆ ಸಿಕ್ಕ ಪೈಲಟ್ ರೇಡಿಯೋದಲ್ಲಿ ಮೂರು ಸಲ ಮೇಡೇ ಎನ್ನುತ್ತಾನೆ. ತುರ್ತು ತರಂಗಾಂತರ 121.5 ಮೆಗಾಹರ್ಟ್ಸ್, ರೆಡಾರಿಗೆ ತೋರಿಸುವ ಸಂಕೇತ 7700. ನೆಲ ಮುಟ್ಟುವ ಮೊದಲು ಇಂಧನದ ಕೀಲಿ ಮತ್ತು ವಿದ್ಯುತ್ ಆರಿಸಿ, ಪೆಟ್ಟಿನಿಂದ ಸಿಕ್ಕಿಕೊಳ್ಳದಂತೆ ಬಾಗಿಲನ್ನು ತೆರೆದಿಡುತ್ತಾನೆ. ವಿಮಾನದಲ್ಲಿ ತುರ್ತು ಸಂಕೇತ ಸಾಧನವಿದ್ದರೆ ಅದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತದೆ. ಆ ಕೂಗನ್ನು ಹಿಡಿದು ರಕ್ಷಣಾ ಕೇಂದ್ರಗಳಿಗೆ ತಿಳಿಸುವ ಭಾರತೀಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೋದ ಆಶ್ರಯದಲ್ಲಿ. ಅಪಘಾತದ ತನಿಖೆ ನಡೆಸುವುದು 2012ರಲ್ಲಿ ಸ್ಥಾಪನೆಯಾದ ವಿಮಾನ ಅಪಘಾತ ತನಿಖಾ ಸಂಸ್ಥೆ.

ಉಪಗ್ರಹಕ್ಕಿಂತ ಮೊದಲು ತಲುಪುವುದು ತೋಟದ ಮಾಲೀಕ, ದನ ಮೇಯಿಸುವವರು, ನಾಲೆಯ ನೀರುಗಂಟಿ. ಅವರು ಮೊದಲು 112ಕ್ಕೆ ಕರೆ ಮಾಡಲಿ. ತಂತಿ ಹರಿದಿದ್ದರೆ ಬೆಸ್ಕಾಂಗೆ ತಿಳಿಸಿ ಲೈನ್ ತೆಗೆಸುವವರೆಗೆ ಯಾರೂ ಹತ್ತಿರ ಹೋಗಬಾರದು, ತಂತಿಗೆ ಸಿಕ್ಕ ಪ್ಯಾರಾಶೂಟಿನ ಬಟ್ಟೆಯನ್ನೂ ಮುಟ್ಟಬಾರದು. ಇಂಧನದ ವಾಸನೆ ಬಂದರೆ ಬೀಡಿ, ಬೆಂಕಿ, ಓಡುವ ಮೋಟರು ಎಲ್ಲವನ್ನೂ ದೂರವಿಡಬೇಕು. ಪ್ರೊಪೆಲ್ಲರ್ ನಿಂತಿದ್ದರೂ ಅದರ ಮುಂದೆ ನಿಲ್ಲಬಾರದು. ಗಾಯಾಳುವಿನ ಕುತ್ತಿಗೆ, ಬೆನ್ನು ತಿರುಚದಂತೆ ಎತ್ತಬೇಕು, ಬೆಂಕಿಯ ಭಯವಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಅಲುಗಿಸದಿರುವುದೇ ಒಳ್ಳೆಯದು. ಜನರನ್ನು ಹೊರತೆಗೆದ ಮೇಲೆ ವಿಮಾನದ ಯಾವ ಚೂರನ್ನೂ ಕದಲಿಸಬಾರದು. ಎಂಜಿನ್ ಏಕೆ ನಿಂತಿತೆಂದು ತನಿಖೆ ಮಾಡುವವರಿಗೆ ಹೇಳುವುದು ಆ ಚೂರುಗಳೇ.